ತಳದ ಕಂದು

ಶನಿವಾರ, ಹತ್ತೂಕಾಲು. ಮಾರ್ಕೆಟ್ಟಿನ ತಗಡಿನ ಸೂರಿನಡಿ
ಮೇವಿಸ್ ಎಂಟ್ವಿಸಲ್ ಬೋಟಿ ಜೋಡಿಸುತ್ತಿದ್ದಾಳೆ,
ಇಸ್ತ್ರಿ ಮಾಡಿದ ಟವೆಲ್ಲು ಮಡಿಸಿಟ್ಟಂತೆ
ಬೆಳ್ಳಗೆ, ಪದರ ಪದರ.
ಜೇನುಹಟ್ಟಿಯಂಥದು ಮುಂದೆ, ನುಣ್ಣನೆಯದು ಹಿಂದೆ,
ನಡುವೆ ಅಲಂಕಾರಕ್ಕೆ ಪ್ಲಾಸ್ಟಿಕ್ ಸೊಪ್ಪು.
ಅದನ್ನೂ ವಾರಕ್ಕೊಮ್ಮೆ ತೊಳೆಯುತ್ತಾಳೆ.

ನಲವತ್ತೊಂದು ವರ್ಷದಿಂದ ಇದೇ ಕಟ್ಟೆ, ಇದೇ ತಕ್ಕಡಿ.
ಗಿರಾಕಿಗಳು ಮಾತ್ರ ಒಬ್ಬೊಬ್ಬರಾಗಿ
ಗುಡ್ಡದ ಮೇಲಿನ ಚರ್ಚಿನ ಹಿತ್ತಿಲು ಸೇರಿದರು.
ಉಳಿದವರಿಗೆ ಹಲ್ಲಿಲ್ಲ. ಬೋಟಿಗೆ ಹಲ್ಲು ಬೇಕಿಲ್ಲ,
ಅಷ್ಟೇ ಪುಣ್ಯ.

ದಕ್ಷಿಣದ ಕಡೆಯ ಹುಡುಗನೊಬ್ಬ ಬಂದ, ಹೆಗಲಿಗೆ ಚೀಲ,
ಕೈಯಲ್ಲಿ ಪುಟ್ಟ ಪುಸ್ತಕ. ಪುಟದ ನಡುವೆ ಗೆರೆ,
ಎಡಕ್ಕೆ ‘ತಿನ್ನಬೇಕಾದ್ದು’, ಬಲಕ್ಕೆ ‘ಬೇಡವಾದ್ದು’.
ನೀವು ಹೇಳಿ, ಬರ್ಕೋತೀನಿ, ಅಂದ.

ಮೇವಿಸ್ ಏಪ್ರನ್ನಿಗೆ ಕೈ ಒರೆಸಿಕೊಂಡಳು.

‘ಬರ್ಕೋ ಮರಿ. ಜೆಲ್ಲಿಯೊಳಗಿನ ಹಾವುಮೀನು
ಲಂಡನ್ನಿನವರ ಪಾಡು, ಅವರೇ ನುಂಗಲಿ.
ಕಪ್ಪು ಪುಡಿಂಗು ತಿನ್ನು. ಅದು ರಕ್ತ ಅಂತ
ಯಾರಾದರೂ ಹೇಳೋ ಮೊದಲೇ ತಿನ್ನು,
ಸಾಸಿವೆ ಹಚ್ಚಿ, ನಿಂತುಕೊಂಡೇ, ಕಾಗದದ ಮೇಲಿಂದ.
ಬಟಾಣಿ ಗೊಜ್ಜು ಹಸಿರಾಗಿದ್ದಷ್ಟೂ ಅನುಮಾನಪಡು.
ಸ್ಟೇಷನ್ನಿನ ಪೋರ್ಕ್ ಪೈ? ದೇವರೇ!
ಒಳಗಿನ ಗಾಳಿಗೂ ದುಡ್ಡು ತೊಗೋತಾರೆ.
ಒಣದ್ರಾಕ್ಷಿ ಕೇಕಿನ ಜೊತೆ ನಮ್ಮ ಕಡೆಯ ಚೀಸ್ ಇರಲಿ,
ಉದುರೋ ಚೀಸು, ರಬ್ಬರಲ್ಲ.
ಕೊಬ್ಬು ಹಾಕಿದ ಹಬೆ ಪುಡಿಂಗು ಮಳೆಗೆ ಸರಿ,
ಬಿಸಿಲಲ್ಲಿ ತಿಂದರೆ ಸಾಯ್ತೀಯ.
ಆ ಭಯ ಏನೂ ಬೇಡ ಇಲ್ಲಿ.’

ಹುಡುಗ ನಕ್ಕ. ಪೆನ್ನು ಎಡಕ್ಕೂ ಬಲಕ್ಕೂ ಓಡಿತು.
‘ಮತ್ತೆ ಡ್ರಿಪ್ಪಿಂಗು?’

ತಕ್ಕಡಿಯ ಮುಳ್ಳು ಯಾರೂ ಮುಟ್ಟದೆ ಅಲುಗುತ್ತಿತ್ತು.
ಅದನ್ನೇ ನೋಡಿದಳು.

ಭಾನುವಾರ ಹುರಿದ ದನದ ಮಾಂಸದಿಂದ ಸೋರಿದ ಕೊಬ್ಬು
ಮಣ್ಣಿನ ಬಟ್ಟಲಲ್ಲಿ ಆರಿ ಹೆಪ್ಪುಗಟ್ಟುತ್ತಿತ್ತು.
ಮೇಲೆ ಮೇಣದಂಥ ಬಿಳುಪು,
ತಳದಲ್ಲಿ ಅರ್ಧ ಬೆರಳು ಕಂದು,
ಸಾರವೆಲ್ಲ ಇಳಿದು ನಡುಗುವ ಕಂದು.
ಸೋಮವಾರ ಬಟ್ಟೆ ಒಗೆಯುವ ದಿನ, ಒಲೆಗೆ ಬಿಡುವು,
ಬ್ರೆಡ್ಡು, ಡ್ರಿಪ್ಪಿಂಗು, ಉಪ್ಪು.
ಅಮ್ಮ ಚಾಕುವನ್ನು ತಳಮುಟ್ಟ ಇಳಿಸಿ
ಕಂದನ್ನೆಲ್ಲ ಎತ್ತಿ ಅಪ್ಪನ ಬ್ರೆಡ್ಡಿಗೆ ಹಚ್ಚುವಳು,
ಕೆರೆದು ಮಿಕ್ಕ ಕಂದು ಕಂದನಿಗೆ, ತಮ್ಮ ಡೆರಿಕ್‌ಗೆ,
ನಾಳೆ ಗಿರಣಿಯಲ್ಲಿ ದುಡಿಯಬೇಕಾದವನು.
ಮೇವಿಸ್ ಆಗಲೇ ದುಡಿಯುತ್ತಿದ್ದಳು, ಹದಿನೈದಕ್ಕೇ.
ಎಡಗಿವಿ ಮಂದವಾದದ್ದು ಆ ಮಗ್ಗಗಳ ಸದ್ದಿಗೇ.
ಅವಳಿಗೂ ಅಮ್ಮನಿಗೂ ಬಿಳುಪು.

ಅಪ್ಪ ತೀರಿಕೊಂಡ ವಾರ
ನೆರೆಮನೆಯವರು ಮಾಂಸ ಕೊಟ್ಟಿದ್ದರು.
ಡೆರಿಕ್ ಸೈನ್ಯ ಸೇರಿ ಜರ್ಮನಿಯಲ್ಲಿದ್ದ. ಮೇಜಿಗೆ ಇಬ್ಬರೇ.
ಅಮ್ಮನ ಚಾಕು ರೂಢಿಯಂತೆ ತಳಕ್ಕಿಳಿದು
ಮೇಲೆದ್ದು, ಗಾಳಿಯಲ್ಲಿ ನಿಂತಿತು.
ಯಾರ ಬ್ರೆಡ್ಡು ಎಂದು ಅದಕ್ಕೇ ಗೊತ್ತಾಗಲಿಲ್ಲ.
ಆಮೇಲೆ ಮಗಳ ಬ್ರೆಡ್ಡಿಗೆ ಸವರಿದಳು,
ಅಂಚಿನಿಂದ ಅಂಚಿಗೆ, ಮುಖ ನೋಡದೆ.
ಇಪ್ಪತ್ತಾರರ ಮೇವಿಸ್ ಕಚ್ಚಿದಳು.
ಇಷ್ಟು ರುಚಿಯೆಂದು ಯಾರೂ ಹೇಳಿರಲಿಲ್ಲ.
ಸಿಟ್ಟು ಬಂತು.
ಇನ್ನೊಂದು ತುಂಡು ಕೇಳಿದಳು.

‘ಡ್ರಿಪ್ಪಿಂಗು ಯಾವ ಕಡೆ ಬರೀಲಿ?’ ಹುಡುಗ ಎರಡನೇ ಸಲ ಕೇಳಿದ,
ಈ ಸಲ ಬಲಗಿವಿಯ ಬದಿಗೆ ಬಂದು.

‘ತಳದ್ದು ಸಿಕ್ಕರೆ ಎಡಕ್ಕೆ.
ತೊಗೋ, ಕಾಲು ಕಿಲೋ ಬೋಟಿ. ವಿನೆಗರು, ಬಿಳಿ ಮೆಣಸು.
ನಿನಗೆ ಹಿಡಿಸಲ್ಲ, ಆದರೂ ತಿನ್ನು.’
‘ನಿಮಗೆ ಇಷ್ಟಾನಾ?’
‘ನನಗಾ? ಒಂದು ದಿನವೂ ಬಾಯಿಗಿಟ್ಟವಳಲ್ಲ.’

ಮಧ್ಯಾಹ್ನ ಕಟ್ಟೆಯಡಿಯಿಂದ ಬ್ರೆಡ್ಡು ತೆಗೆದಳು,
ಮುಚ್ಚಳದ ಬಟ್ಟಲು ತೆಗೆದಳು.
ಚಾಕು ನೆಟ್ಟಗೆ ತಳಕ್ಕೇ ಇಳಿಯಿತು.
ಬಿಳುಪನ್ನು ಚೂರೂ ಚೆಲ್ಲದೆ ಒತ್ತಟ್ಟಿಗೆ ಸರಿಸಿಟ್ಟಳು.
ಸಂಜೆ ಡೆರಿಕ್ ಬರುತ್ತಾನೆ.
ಅವನಿಗಿರಲಿ.