ಬ್ಯಾಳಿಯ ಕಾರ್ಡು

ಹುಟ್ಟಿದ ತಾರೀಖು ಕೇಳಿದರು ದನದ ದವಾಖಾನ್ಯಾಗ.
ಎಳ್ಳಮಾಸಿ ಮರುದಿನ, ಅಂದೆ.
ಅಂದು, ಒಬ್ಬಳೇ ನಕ್ಕೆ.
ಇಪ್ಪತ್ತೆರಡು ವರ್ಷ ಶಹಾಬಾದಿನ ಓಣಿ ಓಣಿ ತಿರುಗಿ
ತಾಯಂದಿರಿಗೆ ನಾನೇ ಬೈದೀನಿ:
ಹಬ್ಬ ಹೇಳಬ್ಯಾಡ್ರಿ, ತಾರೀಖು ಹೇಳ್ರಿ.

ತಂದದ್ದು ನೀಲಿ ಲಸಿಕೆ ಡಬ್ಬಿಯೊಳಗ,
ಮುಚ್ಚಳ ಸೀಳಿ ಸ್ಟೋರಿನವರು ಬ್ಯಾಡಂದದ್ದು.
ಐಸ್ ಇಡುವ ಜಾಗದಾಗ ನನ್ನ ಹಳೇ ಕುಪ್ಪಸ,
ಕುಪ್ಪಸದ ಮ್ಯಾಲ ಬ್ಯಾಳಿ,
ತೊಗರಿ ಒಡೆದರ ಒಳಗಿರ್ತದಲ್ಲ, ಆ ಬಣ್ಣ,
ಎಂಟು ವಾರ, ಏಳುನೂರು ಗ್ರಾಂ.
ಸಾಲಿನಾಗ ಮುಂದ ಒಂದು ಎಮ್ಮಿ, ಹಿಂದ ಒಂದು ಹೋತ.
ಹೋತ ಡಬ್ಬಿಯ ಕಡೆ ತಿರುಗಿ ತಿರುಗಿ ನೋಡ್ತಿತ್ತು.

ಡಾಕ್ಟರ್ ತಹಸೀನ್ ಹೊಸಬರು. ಕೈ ಹಗುರ.
ಇವತ್ತೊಂದು, ಮೂರು ವಾರಕ್ಕ ಇನ್ನೊಂದು,
ಮೂರು ತಿಂಗಳು ತುಂಬಿದ ಮ್ಯಾಲ ರೇಬೀಸಿಂದು,
ಆಮ್ಯಾಲ ವರ್ಷಕ್ಕೊಮ್ಮೆ.
ಇವತ್ತು ಮಂಕಾಗ್ತದ, ಹಾಲು ಬಿಡಬಹುದು,
ಚುಚ್ಚಿದಲ್ಲಿ ಗಂಟು ಬಂದ್ರ ತಿಕ್ಕಬ್ಯಾಡ್ರಿ.
ಮಾರಿ ಬಾತರ, ಉಸಿರು ಸಿಗದಿದ್ದರ, ವಾಂತಿ ಮ್ಯಾಲ ವಾಂತಿ ಆದರ
ಮುಂಜಾನಿ ನೋಡೋಣಂತ ಕೂಡಬ್ಯಾಡ್ರಿ, ಆಗಲೇ ಫೋನ್ ಹಚ್ರಿ.
ಮತ್ತ ಸಿಸ್ಟರ್, ನಿಮ್ಮ ಚೀಲದಾಗಿನ ಜ್ವರದ ಗುಳಗಿ,
ಅರ್ಧ ಅಲ್ಲ, ಕಾಲೂ ಅಲ್ಲ. ಬೆಕ್ಕಿಗೆ ಅದು ವಿಷ.
ಹೂಂ ಅಂದೆ, ಗೊತ್ತಿದ್ದವರ ಹಂಗ.
ಗೊತ್ತಿರಲಿಲ್ಲ.

ರಾತ್ರಿ ಹತ್ತಕ್ಕ ಫರಸಿ ಮ್ಯಾಲ ಚಪ್ಪಟಿ ಬಿದ್ದಿತ್ತು.
ಹೆಸರು ಕರೆದರ ಒಂದೇ ಕಿವಿ ಆಡಿತು.
ಬಾಲ ಎತ್ತಿ ಥರ್ಮಾಮೀಟರ್ ಇಟ್ಟೆ.
ಸಿಟ್ಟಾಗಲಿಲ್ಲ. ಅದಕ್ಕೇ ಹೆದರಿದೆ.
ನೂರಾ ಒಂದೂವರೆ.
ಕೈ ತಾನೇ ಚೀಲಕ್ಕ ಹೋತು,
ಗುಳಗಿ ಪಟ್ಟಿ ಚರ್ ಅಂತು,
ಅಲ್ಲಿಗೆ ನಿಂತಿತು ಕೈ.
"ಅದರ ಮೈಯೇ ಅಷ್ಟು ಬಿಸಿ, ಸಿಸ್ಟರ್," ಅಂದರು ಫೋನಿನಾಗ,
"ನಿಮ್ಮ ಕೂಸುಗಳಿಗೆ ಅದು ಜ್ವರ. ಇದಕ್ಕ ಅದು ಆರೋಗ್ಯ."
ಆದರೂ ಗುಳಗಿ ಅಲಮಾರ್ಯಾಗಿಟ್ಟು
ಕೀಲಿ ಹಾಕಿದೆ, ನನಗೇ ಹೆದರಿ.

ಹೋದ ಸೂಲಿನ ಮೂರೂ ಇದೇ ಫರಸಿ ಮ್ಯಾಲ ಮಲಗಿದ್ದವು.
ನೀರಿನ ಬೋಗುಣಿ ಮುಂದ ತಲಿ ಬಗ್ಗಿಸಿ ಕುಂತು
ನೀರು ಕುಡೀಲಾರದೇ ಹೋದವು.
ಆವಾಗ ಸೂಜಿ ಹಾಕಿಸಿರಲಿಲ್ಲ, ನಿದ್ದಿ ಬರಲಿಲ್ಲ.
ಈಗ ಹಾಕಿಸೀನಿ,
ನಿದ್ದಿ ಬರವಲ್ದು.

ಹನ್ನೆರಡಕ್ಕ ನೆನಪಾದಳು ಕಾಶಮ್ಮ,
ಕಲ್ಲಿನ ಖಣಿ ಹತ್ತಿರದಾಕಿ.
ಚಿಲಕ ತೆಗೀಲಾರದೇ ಒಳಗಿಂದ ಅಂದಿದ್ದಳು:
ಹೋದ ಸಲ ಕೂಸಿನ ತೊಡಿ ಬಾತು ರಾತ್ರಿಯೆಲ್ಲ ಅತ್ತದ.
ನೀ ಚುಚ್ಚಿ ಹೋದಿ. ರಾತ್ರಿ ನೀ ಇದ್ದೇನು?
ರಜಿಸ್ಟರಿನಾಗ ಬರೆದೆ: ನಿರಾಕರಣೆ.
ಕೆಂಪು ಪೆನ್ನಿನಾಗ.

ಉಸಿರು ಎಣಿಸಿದೆ. ಮುಳ್ಳು ಒಂದು ಸುತ್ತಿಗೆ ಇಪ್ಪತ್ತೆಂಟು.
ಇನ್ನೊಂದು ಸುತ್ತಿಗೆ ಮೂವತ್ತು.
ಎರಡು ಹೆಚ್ಚು ಯಾಕ?
ವಾಡಿ ಕಡೆ ಗೂಡ್ಸ್ ಗಾಡಿ ಹೋಗುವಾಗ ಲೆಕ್ಕ ತಪ್ಪಿತು.
ಮತ್ತ ಮೊದಲಿಂದ.
ಮೂರಕ್ಕ ಬ್ಯಾಳಿ ಎದ್ದು, ಮೈ ಮುರಿದು,
ನನ್ನ ಕಾಲ್ಬೆರಳು ಕಚ್ಚಿತು.
ಕಚ್ಚು, ಅಂದೆ. ಇನ್ನೊಮ್ಮೆ ಕಚ್ಚು.

ಗುರುವಾರ ಕಾಶಮ್ಮನ ಬಾಗಿಲಿಗೆ ಹೋಗಿ
ಹೆದರಬ್ಯಾಡ ಅನ್ನಲಿಲ್ಲ.
ಬ್ಯಾಳಿ ಮಾತು ಹೇಳಿದೆ, ಥರ್ಮಾಮೀಟರಿಂದೂ.
ಬೆಕ್ಕಿಗೂ ಕಾರ್ಡು ಮಾಡಿಸೀಯೇನ ಬಾಯಿ, ಅಂತ
ನಗುತ್ತಲೇ ಚಿಲಕ ತೆಗೆದಳು.
ಕಾರ್ಡಿನ ಹಿಂದ ನನ್ನ ನಂಬರ್ ಬರೆದುಕೊಟ್ಟೆ.

ರಾತ್ರಿ ಒಂದೂವರಿಗೆ ಫೋನ್.
ತೊಡಿ ಬಾತದ. ಮೈ ಕೆಂಡ ಆಗ್ಯದ.
ನಾ ಕೊಟ್ಟ ಗುಳಗಿ ಅರದು ಕುಡಿಸು, ಅಂದೆ.
ಈಗ ಕೂಸಿನ ಎದಿ ನೋಡು. ಎಣಿಸು, ಜೋರಾಗಿ.
ಎಣಿಸಿದಳು.
ನನ್ನ ತೊಡಿ ಮ್ಯಾಲ ಬ್ಯಾಳಿಯ ಹೊಟ್ಟಿ ಏರಿ ಇಳೀತಿತ್ತು.
ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.
ಇಪ್ಪತ್ತರ ಮುಂದ ಬರಂಗಿಲ್ಲ ಬಾಯಿ.
ಮತ್ತ ಒಂದರಿಂದ ಹಿಡಿ, ಅಂದೆ,
ನಾ ಇದೀನಿ.