ಹಿತ್ತಿಲ ಬಾಗಿಲು

ಮೈಲಿಯ ಲೆಕ್ಕ ನಂಬದೆ
ಸೂಪಿನ ಪಾತ್ರೆಯಲ್ಲಿ ಅಳೆದೆ.
ಸಾಲ್ಮನ್, ಆಲೂಗಡ್ಡೆ, ಹಾಲು, ಸಬ್ಬಸಿಗೆ
ಅಮ್ಮ ಕಲಿಸಿದ ಹಾಗೇ ಕುದಿಸಿ, ಟವೆಲು ಸುತ್ತಿ,
ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದು
ಅಸ್ಟೋರಿಯಾದ ಏರು ಹತ್ತಿ ಇಳಿದೆ.
ಗುಡ್ಡದ ಮೇಲಿನ ಆಸರೆಮನೆ ಮುಟ್ಟಿದಾಗ
ನಾಲಗೆ ಸುಡುವಷ್ಟು ಬಿಸಿ.
ನದಿ ದಾಟಿ ಆಚೆ ದಡದ್ದಕ್ಕೆ ಹೋಗುವಷ್ಟರಲ್ಲಿ
ಕೆನೆಗಟ್ಟಿತ್ತು.
ಪಟ್ಟಿಯಿಂದ ಅದನ್ನು ಹೊಡೆದುಹಾಕಿದೆ.
ಬೇರೆ ಕಾರಣ ಬೇಕಿರಲಿಲ್ಲ.

ಶಾಲೆಯ ಬಸ್ಸು ಓಡಿಸುವವಳು ನಾನು.
ಹತ್ತಿಸುವಾಗ ಒಮ್ಮೆ, ಇಳಿಸುವಾಗ ಒಮ್ಮೆ
ಒಂದೊಂದು ತಲೆಯನ್ನೂ ಎರಡು ಸಲ ಎಣಿಸುವವಳು.
ಫೆಬ್ರವರಿಯ ಆ ಬೆಳಿಗ್ಗೆ
ನಲವತ್ತೊಂದು ತಲೆ ಸರಿಯಾಗಿ ಎಣಿಸಿ ಮನೆಗೆ ಬಂದರೆ
ಬಚ್ಚಲ ನೆಲದ ಮೇಲೆ ನಲವತ್ತೆರಡನೆಯದು.
ಮೂರು ಗಂಟೆ ಆಗಿತ್ತಂತೆ.
"ಬಿದ್ದದ್ದಲ್ಲ ರಿಟ್ವಾ, ಸೂರು ನೋಡುತ್ತ ಮಲಗಿದ್ದೆ.
ಬಣ್ಣ ಎದ್ದಿದೆ. ಯಾರಿಗಾದರೂ ಹೇಳು."
ಬಣ್ಣದವನಿಗೆ ಫೋನು ಮಾಡಿದೆ, ನಿಜವಾಗಿ.
ಆಮೇಲೆ ಖಾಲಿ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ,
ಒಬ್ಬಳೇ ಕೂತಿದ್ದೆ.

ಐಲಿ, ನನ್ನಮ್ಮ. ಎಂಬತ್ತಾರು.
ಮೀನಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಚಾಕು ಹಿಡಿದ ಕೈ, ಈಗಲೂ
ಯಾರದಾದರೂ ಕೈ ಕುಲುಕಿದರೆ
ಮೊದಲು ಮೂಳೆ ಎಲ್ಲಿದೆ ಎಂದು ಹುಡುಕುತ್ತದೆ.

ಗುಡ್ಡದ ಮನೆಯಲ್ಲಿ ಹೊಳೆಯುವ ಹಜಾರ.
ಯಾರೂ ಮುಟ್ಟದ ಪಿಯಾನೊ,
ಗುಂಡಿ ಒತ್ತಿದರೆ ಉರಿಯುವ, ಬೂದಿ ಬೀಳದ ಒಲೆ.
"ನಿಮ್ಮ ಸ್ವಂತ ಮನೆಯ ಹಾಗೇ" ಎಂದಳು ನಗುವ ಹುಡುಗಿ.
ಅಮ್ಮ ಕೇಳಿದ್ದು ಒಂದೇ ಮಾತು:
"ಹಿತ್ತಿಲ ಬಾಗಿಲು ಎಲ್ಲಿ?"
ಹುಡುಗಿ ತುರ್ತು ನಿರ್ಗಮನದ ದಾರಿ ತೋರಿಸಿದಳು.
ತೆರೆದರೆ ಗಂಟೆ ಹೊಡೆಯುವ ಬಾಗಿಲು.
ಅಮ್ಮ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು.

ಸೇತುವೆಯ ಬುಡದಲ್ಲಿ ಇನ್ನೊಂದು.
ಫಲಕ ಮಾಸಿದೆ, ಜಗಲಿಯ ಹಲಗೆ ಕಿರುಗುಡುತ್ತದೆ.
ಸೂಪಿನ ಲೆಕ್ಕದಲ್ಲಿ, ಊದಿ ಕುಡಿಯುವಷ್ಟು ಬಿಸಿ.
ಒಳಗೆ ಈರುಳ್ಳಿ ಬಾಡುವ ವಾಸನೆ,
ಯಾರೋ ಯಾರನ್ನೋ ಇಸ್ಪೀಟಿಗಾಗಿ ಬೈಯುವ ದನಿ.
ಹಾಸಿಗೆ, ಮಾತ್ರೆ, ರಾತ್ರಿ ಪಾಳಿಗೆ ಎಷ್ಟು ಜನ,
ನಾನು ಬರೆದುಕೊಂಡು ಬಂದದ್ದನ್ನೆಲ್ಲ ಕೇಳುತ್ತಿದ್ದೆ;
ನೋಡಿದರೆ ಅಮ್ಮ ಪಕ್ಕದಲ್ಲಿಲ್ಲ.

ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲಲ್ಲಿ ನಿಂತಿದ್ದಾಳೆ.
ಹೊರಗೆ ಎಲೆಕೋಸಿನ ಮಡಿ, ಒಣಹಾಕಿದ ಒರೆಸುಬಟ್ಟೆ.
ಹೊಸ್ತಿಲ ಬಳಿ ಸಾಲಾಗಿ ರಬ್ಬರು ಬೂಟುಗಳು,
ಒಂದೊಂದಕ್ಕೂ ಅದರದೇ ಕೆಸರು.
ಒಂದು ಜೊತೆಯೊಳಗೆ ಮಾತ್ರ ಜೇಡ ಬಲೆ ನೇಯ್ದಿದೆ.
"ಇದು ಯಾರದ್ದು?"
"ಎಲ್ಮರನದು" ಎಂದಳು ಅಡುಗೆಯ ಡೊಲೊರೆಸ್,
ಚಮಚ ಕೈಯಲ್ಲೇ ಇತ್ತು.
"ಮಾರ್ಚಿಯಲ್ಲಿ ತೀರಿಕೊಂಡ.
ಎತ್ತಿಡಬೇಕು ಅಂತ ಎಲ್ಲರೂ ಅನ್ನುತ್ತೇವೆ."

ಆಗ ಅಕ್ಟೋಬರು.

ಅಮ್ಮ ಬಗ್ಗಿ, ಗೋಡೆ ಹಿಡಿದು, ಇನ್ನೂ ಬಗ್ಗಿ
ಓರೆಯಾಗಿದ್ದ ಎಡಗಾಲಿನದನ್ನು
ಬಲಗಾಲಿನದಕ್ಕೆ ಜೋಡಿಸಿಟ್ಟಳು. ಬಲೆ ಹರಿಯದ ಹಾಗೆ.
ಎದ್ದು, "ಇಲ್ಲಿ ಆದೀತು" ಅಂದಳು,
ಮೀನಂಗಡಿಯಲ್ಲಿ ಕಿವಿರು ಎತ್ತಿ ನೋಡಿ ಹೇಳುವ ಹಾಗೆ.

ನನ್ನ ಚೀಟಿಯಲ್ಲಿ ಇನ್ನೂ ಹನ್ನೊಂದು ಪ್ರಶ್ನೆ ಉಳಿದಿದ್ದವು.
ಕೇಳಿದೆ, ಬಿಡಲಿಲ್ಲ. ಉತ್ತರ ಎಲ್ಲವೂ ಚೆನ್ನಾಗಿರಲಿಲ್ಲ.
ದುಡ್ಡಿನದಂತೂ ಅಲ್ಲವೇ ಅಲ್ಲ.
ಮನೆಗೆ ಬಂದು ಎರಡು ರಾತ್ರಿ ಕೂಡಿಸಿ ಕಳೆದೆ;
ನನ್ನ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟರೆ
ಸರಿಹೋಗುತ್ತದೆ ಎಂದು ಗೊತ್ತಾದಾಗ
ಯಾಕೋ ಬೇಜಾರಾಯಿತು.

ಮೊದಲ ರಾತ್ರಿ ಮಂಜು.
ಕೊಲಂಬಿಯಾ ನದಿಯಲ್ಲಿ ಕಾಣದ ಹಡಗೊಂದು ಕೂಗಿತು,
ನಮ್ಮ ಅಡುಗೆಮನೆಯ ಗಾಜು ಅದುರುವಂತೆ.
ಫೋನು ತೆಗೆದೆ. "ಕೇಳಿಸಿತಾ?"
"ಕೇಳಿಸಿತು" ಅಂದಳು. ಸ್ವಲ್ಪ ಹೊತ್ತು ಉಸಿರು ಮಾತ್ರ.
ಹಾಗಾದರೆ ಕೂಗಳತೆಯಲ್ಲೇ ಇದ್ದೇವೆ
ಎಂದು ನಾನು ಅನ್ನುವ ಮೊದಲೇ
"ರಿಟ್ವಾ, ಸೂಪಿಗೆ ಉಪ್ಪು ಕಡಿಮೆಯಾಗಿತ್ತು" ಅಂದು
ಇಟ್ಟುಬಿಟ್ಟಳು.