ನಿಮಿಷಕ್ಕೆ ಮೂರು ಹನಿ

ಉಪ್ಪಳದಲ್ಲಿ ನನ್ನದು ರಿಕ್ಷಾ ಸೀಟು ಹೊಲಿಯುವ ಅಂಗಡಿ.
ಹದಿನೆಂಟನೇ ನಂಬರಿನ ಸೂಜಿ, ನೈಲಾನ್ ನೂಲು,
ಬೆವರಿದ ಕಾಲಿಗೆ ಅಂಟುವ ರೆಕ್ಸಿನ್ ಚೂರು.
ಒಂದು ಮಧ್ಯಾಹ್ನ ಅಂದುಂಞಿ ಮೇಸ್ತ್ರಿ
ಗುಜರಿಯಂಥ ಸೀಟೊಂದನ್ನು ತಲೆಮೇಲೆ ಹೊತ್ತು ಬಂದರು.
ಬಿಚ್ಚಿದರೆ ಒಳಗೆ ಇಲಿಯ ಗೂಡು,
ಅರಬಿ ಪೇಪರಿನ ಹರಕು, ಒಂದು ಹಿಡಿ ಮರಳು.
ನಮ್ಮ ಕಡಲಿನದ್ದಲ್ಲ, ಹಿಟ್ಟಿನಷ್ಟು ನುಣುಪು.

"ಬೋಟಿನದ್ದು," ಎಂದರು. "ಮೀನಿನ ಬೋಟಲ್ಲ."
"ಮತ್ತೆ ಎಂತದ್ದು?"
"ಆಟದ್ದು."

ಬಹರೈನಿನಲ್ಲಿ ಸಾಹೇಬರ ಕ್ಲಬ್ಬು ಮುಚ್ಚಿದಾಗ
ಹನ್ನೊಂದು ತಿಂಗಳ ಸಂಬಳದ ಬದಲಿಗೆ ಕೊಟ್ಟದ್ದಂತೆ.
ಉರುವಿನಲ್ಲಿ ಮಂಗಳೂರು ಬಂದರಿಗೆ,
ಅಲ್ಲಿಂದ ಲಾರಿಯಲ್ಲಿ ಶಿರಿಯಕ್ಕೆ.
ಹೆಂಡತಿ ಉಮ್ಮಾಲಿ ನೋಡಿ
ಎರಡು ದಿನ ಮಾತಾಡಲಿಲ್ಲ;
ಮೂರನೇ ದಿನ ಅದರೊಳಗೆ ತೆಂಗಿನಸಿಪ್ಪೆ ತುಂಬಿಸಿದರು.
ಇಪ್ಪತ್ತೆಂಟು ಮಳೆಗಾಲ ಹಾಗೇ.

ಅಳತೆಗೆಂದು ನಾನು ಹೋದೆ.
ಹೊರಗೆ ಫೈಬರು, ಕೆಂಪು ಪಟ್ಟಿ ಮಾಸಿ ಗುಲಾಬಿ.
ಒಳಗಿನ ಮರಕ್ಕೆ ಮೇಸ್ತ್ರಿ ಸ್ಕ್ರೂಡ್ರೈವರ್ ಚುಚ್ಚಿದರು:
ನೆನೆದ ಅವಲಕ್ಕಿಗೆ ಬೆರಳಿಟ್ಟ ಹಾಗೆ ಹೋಯಿತು ಒಳಕ್ಕೆ.
ಹೆಬ್ಬಲಸಿನ ಎರಡು ಉದ್ದ ತೊಲೆ ಕೊಯ್ಯಿಸಿದರು.
ಹಳೆಯದನ್ನು ಉಳಿಯಿಂದ ಕೆರೆದು ತೆಗೆಯುವಷ್ಟರಲ್ಲಿ
ದೀಪಾವಳಿ ಹೋಗಿ ವಿಷು ಬಂತು.

ಎಂಜಿನು ನಟ್ಟನಡುವೆ, ಪೆಟ್ಟಿಗೆಯ ಅಡಿಯಲ್ಲಿ;
ಎಂಟು ಸಿಲಿಂಡರು, ಎತ್ತಲಿಕ್ಕೆ ಆರು ಜನ.
ತುಕ್ಕಿದ ಬೋಲ್ಟಿಗೆ ಮಲೆಯಾಳದಲ್ಲಿ ಬೈದರು,
ಕಾರ್ಬೊರೇಟರಿಗೆ ಇಂಗ್ಲಿಷಿನಲ್ಲಿ,
ನನ್ನ ಹತ್ತಿರ ಮಾತ್ರ ಚಂದದ ಕನ್ನಡದಲ್ಲಿ
ದುಡ್ಡು ನಾಳೆ ಎಂದರು.
ನೀರೆಳೆಯುವ ಪಂಪಿನ ರಬ್ಬರಿನ ಹೂವು ಎಲ್ಲೂ ಸಿಗಲಿಲ್ಲ.
ಬಂದರಿನ ಒಬ್ಬ ಮುದುಕನಿಂದ ಅಚ್ಚು ಹೊಯ್ಯಿಸಿದರು,
ಆರು ಎಸಳು, ಐದನೇ ಸಲಕ್ಕೆ ಸರಿ ಕೂತಿತು.

"ನಡುವೆ ಈ ಸ್ಟೀಲಿನ ಕಂಬ ಎಂತಕ್ಕೆ?"
"ಹಗ್ಗ ಕಟ್ಟಲಿಕ್ಕೆ. ಹಗ್ಗದ ಆಚೆ ತುದಿ ಹಿಡಿದು
ಹಲಗೆ ಮೆಟ್ಟಿ ಒಬ್ಬ ನೀರಿನ ಮೇಲೆ ನಿಲ್ಲುತ್ತಾನೆ."
"ನೀವು ನಿಂತದ್ದುಂಟಾ?"
ಸ್ಪಾನರ್ ಒರೆಸಿದರು. ಒರೆಸಿದ್ದನ್ನೇ ಒರೆಸಿದರು.
"ನೀನು ಹೊಲಿಯುವ ಸೀಟು ಹಿಂದಕ್ಕೆ ಮುಖ ಮಾಡಿದ್ದು.
ಅದು ನನ್ನದು. ನಾನು ನೋಡುವವ.
ಅವರು ಬಿದ್ದರೆ ಬಿದ್ದರು ಅಂತ ಹೇಳುವವ."

ಭಾನುವಾರ, ಭರತ ಏರುವ ಹೊತ್ತು, ನೀರಿಗಿಳಿಸಿದೆವು.
ಅಳಿವೆಯಲ್ಲಿ ಮರುವಾಯಿ ಹೆಕ್ಕುವ ಹೆಂಗಸರು
ಸೊಂಟದವರೆಗಿನ ನೀರಿನಲ್ಲೇ ನಿಂತು ನೋಡಿದರು.
ಶಾಫ್ಟು ತಳವನ್ನು ತೂರಿ ಹೋಗುವಲ್ಲಿ
ಒಂದು ಹನಿ ಮೂಡಿತು, ಉದುರಿತು.
"ಸೋರ್ತದೆ!" ನಾನು ಕೂಗಿದೆ.
ಮೇಸ್ತ್ರಿ ವಾಚು ನೋಡುತ್ತಾ ಎಣಿಸಿದರು.
ಒಂದು.
ಎರಡು.
ಮೂರು.
"ನಿಮಿಷಕ್ಕೆ ಮೂರು ಬರಬೇಕು ಮಾರಾಯ್ತಿ.
ಪೂರ್ತಿ ಬಿಗಿದರೆ ಶಾಫ್ಟು ಸುಟ್ಟು ಹೋಗ್ತದೆ."

ಅಷ್ಟರಲ್ಲಿ ಉಮ್ಮಾಲಿ, ಯಾರೂ ಕರೆಯದೆ,
ಸೀರೆ ಎತ್ತಿ ಹಿಡಿದು ಹತ್ತಿ
ಆ ಹಿಂಬದಿಯ ಸೀಟಿನಲ್ಲಿ ಕೂತರು.
ಕೆಮ್ಮಿತು, ಉಗುಳಿತು, ನೀಲಿ ಹೊಗೆ ಕಾಂಡ್ಲ ಗಿಡಗಳ ಮೇಲೆ.
ಆಮೇಲೆ ಒಂದು ಸದ್ದು. ಎದೆಗೂಡಿನಲ್ಲೇ ಹುಟ್ಟಿದ ಹಾಗೆ.
ರೈಲಿನ ಸೇತುವೆ ನಮ್ಮ ಮೇಲಿಂದ ಹಾದು ಹೋಯಿತು.

ಕಂಬಕ್ಕೆ ಹಗ್ಗ ಕಟ್ಟಿತ್ತು.
ತುದಿಯ ಮರದ ಹಿಡಿ, ಯಾರ ಕೈಯೂ ಇಲ್ಲದೆ,
ಅಲೆಯಿಂದ ಅಲೆಗೆ ಕುಪ್ಪಳಿಸುತ್ತಿತ್ತು.
"ಎಂತ ಕಾಣ್ತದೆ?" ಮೇಸ್ತ್ರಿ ತಿರುಗದೆ ಕೂಗಿದರು.
ಉಮ್ಮಾಲಿ ತುಂಬಾ ಹೊತ್ತು ನೋಡಿ,
"ಯಾರೂ ಬೀಳಲಿಲ್ಲ," ಎಂದರು.

ಪೆಟ್ರೋಲು ಮುಗಿದು, ವಾಪಸು ಹುಟ್ಟು ಹಾಕಿಯೇ ಬಂದದ್ದು.
ಎಡಮೂಲೆಯಲ್ಲಿ ನನ್ನ ಹೊಲಿಗೆ ಒಂದು ಗೇಣು ಬಿಟ್ಟಿತ್ತು.
ಸೋಮವಾರ ತನ್ನಿ ಎಂದೆ,
ಹಳೇ ಬಾಕಿಯನ್ನೂ.